ಎರೆ ಮಣ್ಣಿನಲ್ಲಿ ಮನೆ: ನೆಲ ಕೆಡಿಸದೆ ಪಾಯ ಹಾಕುವುದು ಹೇಗೆ?

ಮೇ ತಿಂಗಳಲ್ಲಿ ಕಲಬುರಗಿ ಸುತ್ತಲಿನ ಎರೆ (ಕಪ್ಪು ಜಿಗುಟು ಮಣ್ಣಿನ) ಹೊಲಕ್ಕೆ ಹೋಗಿ, ಬಿರುಕಿನೊಳಗೆ ಒಂದು ತೊಗರಿ ಕಟ್ಟಿಗೆ ಇಳಿಬಿಟ್ಟು ನೋಡಿ. ಎಷ್ಟೋ ಕಡೆ ಮೊಣಕಾಲುದ್ದ ಒಳಗೆ ಹೋಗುತ್ತದೆ. ಮಳೆ ಹಿಡಿದ ಮೇಲೆ ಅದೇ ಬಿರುಕು ಮುಚ್ಚಿ ಮಣ್ಣು ಉಬ್ಬಿರುತ್ತದೆ. ಹೀಗೆ ವರ್ಷವರ್ಷವೂ ಏರಿ ಇಳಿಯುವ ನೆಲದ ಮೇಲೆ ನಾವು ಮನೆ ಕಟ್ಟಬೇಕು.

ಅದಕ್ಕೇ ಎಷ್ಟೋ ಜನ ಜೆಸಿಬಿ ತರಿಸಿ, ಇಡೀ ಸೈಟಿನ ಮಣ್ಣು ಎತ್ತಿಸಿ, ಎಲ್ಲೋ ಗುಡ್ಡ ಕಡಿದು ತಂದ ಮುರುಮ್ (ಗಟ್ಟಿ ಗರಸು ಮಣ್ಣು) ತುಂಬಿಸುತ್ತಾರೆ. ಒಳ್ಳೆ ಮಣ್ಣೂ ಹೋಯಿತು, ಗುಡ್ಡವೂ ಹೋಯಿತು. ಸಣ್ಣ ಮನೆಗೆ ಅಷ್ಟೆಲ್ಲ ಬೇಕಿಲ್ಲ.

ಮೊದಲು ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ. ಮೂರ್ನಾಲ್ಕು ಅಡಿಗೇ ಮುರುಮ್ ಅಥವಾ ಪರಸಿ ಕಲ್ಲಿನ ಪದರ ಸಿಕ್ಕರೆ ನೀವು ಅದೃಷ್ಟವಂತರು, ಗೋಡೆ ಬರುವ ಕಡೆ ಮಾತ್ರ ಅಲ್ಲಿವರೆಗೆ ತೋಡಿ ಕಲ್ಲಿನ ಪಾಯ ಎಬ್ಬಿಸಿ.

ಎರೆ ಇನ್ನೂ ಆಳಕ್ಕಿದ್ದರೆ ಅಂಡರ್ ರೀಮ್ಡ್ ಪೈಲ್ ಹಾಕಿಸಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ ಇದು. ಸುಮಾರು ಒಂದಡಿ ಅಗಲದ ಗುಂಡಿಯನ್ನು 3.5 ಮೀಟರ್ ಆಳಕ್ಕೆ ಕೊರೆದು, ತಳದ ಹತ್ತಿರ ಎರಡೂವರೆ ಪಟ್ಟು ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ಸುರಿಯುತ್ತಾರೆ, ನೆಲದೊಳಗೆ ಗಡ್ಡೆ ಬಿಟ್ಟ ಹಾಗೆ. ಅಷ್ಟು ಆಳದಲ್ಲಿ ಬಿಸಿಲು, ಮಳೆಯ ಏರುಪೇರು ಅಷ್ಟಾಗಿ ತಟ್ಟುವುದಿಲ್ಲ. ಮನೆ ನಿಲ್ಲುವುದು ಆ ಕೆಲವೇ ಕಾಲುಗಳ ಮೇಲೆ, ಉಳಿದ ಮಣ್ಣು ಇದ್ದಲ್ಲೇ ಇರುತ್ತದೆ. ಎಷ್ಟು ಪೈಲ್, ಎಷ್ಟು ಆಳ ಅನ್ನೋದನ್ನು ಮಾತ್ರ ಎಂಜಿನಿಯರ್ ಹತ್ತಿರವೇ ಲೆಕ್ಕ ಹಾಕಿಸಿ.

ಪೈಲ್‌ಗಳ ತಲೆ ಜೋಡಿಸಿ ಗೋಡೆ ಹೊರುವ ಬೀಮ್ ಕೆಳಗೆ, ನೆಲಕ್ಕೂ ಅದಕ್ಕೂ ನಡುವೆ 80 ಮಿ.ಮೀ. ಸಂದು ಬಿಡಲೇಬೇಕು. ಮಣ್ಣು ಉಬ್ಬಿದರೆ ಆ ಸಂದಿನಲ್ಲಿ ಉಬ್ಬಲಿ, ಗೋಡೆಯನ್ನು ಎತ್ತದಿರಲಿ. 'ಖಾಲಿ ಯಾಕೆ' ಅಂತ ಗೌಂಡಿ ಮಣ್ಣು ತುಂಬಲು ಹೊರಟರೆ ದಯವಿಟ್ಟು ತಡೆಯಿರಿ, ಅಲ್ಲೇ ನಿಂತು ಕೆಲಸ ಮಾಡಿಸಿ.

ಆಮೇಲೆ ನೀರು. ನಮ್ಮ ಹಳೆ ಮನೆಯಲ್ಲಿ ಬಚ್ಚಲ ನೀರು ಪಾಯದ ಬುಡದಲ್ಲೇ ಇಂಗಿ, ಅಡುಗೆಮನೆ ಗೋಡೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳಿತ್ತು, ಬೆರಳು ತೂರುವಷ್ಟು. ಆದ್ದರಿಂದ ಗೋಡೆ ಸುತ್ತ ಮೂರ್ನಾಲ್ಕು ಅಡಿ ಮಾತ್ರ ಶಹಾಬಾದ್ ಪರಸಿಯನ್ನು ಹೊರಕ್ಕೆ ಇಳಿಜಾರಾಗಿ ಹಾಸಿ. ಉಳಿದ ಅಂಗಳಕ್ಕೆ ಸಿಮೆಂಟ್ ಬೇಡ. ಗುಂಡಿ ತೆಗೆದ ಮಣ್ಣನ್ನು ಅಲ್ಲೇ ಹರಡಿ, ಕರಿಬೇವು, ಮಲ್ಲಿಗೆ ಹಾಕಿ. ಇಂಗುಗುಂಡಿ ಅಂಗಳದ ಆಚೆ ತುದಿಗಿರಲಿ. ಬೇವಿನ ಮರ ಬೇಕೇ ಬೇಕು ಅನ್ನುವವರು ಅದು ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರದಲ್ಲಿ ನೆಡಿ, ಬೇರು ನೀರು ಹೀರಿದಲ್ಲೆಲ್ಲ ಎರೆ ಕುಗ್ಗುತ್ತದೆ.