ಲೋಡು ವಾಪಸ್ ಬಂದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದು ಕಾಳುಮೆಣಸಿನ ಸಣ್ಣ ವ್ಯಾಪಾರ. ಸುತ್ತಲಿನ 30 ಮನೆಯವರಿಂದ ಕೊಳ್ಳುತ್ತೇನೆ, ಜರಡಿ ಹಿಡಿದು ಗೋಣಿ ತುಂಬಿಸಿ ಮಂಗಳೂರಿಗೆ ಕಳಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ರಫ್ತು ಮಾಡುವವರೊಬ್ಬರು ನಮ್ಮ ಲೋಡನ್ನು ವಾಪಸ್ ಕಳಿಸಿದರು. ಅಫ್ಲಾಟಾಕ್ಸಿನ್ ಜಾಸ್ತಿ ಇತ್ತು. ಅದು ಸರಿಯಾಗಿ ಒಣಗದ ಕಾಳಿಗೆ ಹಿಡಿಯುವ ಬೂಷ್ಟಿನಿಂದ ಬರುವ ವಿಷ. ಯುರೋಪಿನಲ್ಲಿ ಮೆಣಸಿಗೆ ಅದರ ಒಟ್ಟು ಮಿತಿ ಕಿಲೋಗೆ 10 ಮೈಕ್ರೋಗ್ರಾಂ ಮಾತ್ರ. ‘ಯಾರ ಮನೆಯ ಮೆಣಸು ಇದು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಎಲ್ಲರದ್ದನ್ನೂ ಒಂದೇ ರಾಶಿಗೆ ಸುರಿದಿದ್ದೆ.

ತೇವಾಂಶ ಶೇಕಡಾ 12 ದಾಟಿದರೆ ಬೇಡ ಎಂದು ಎಲ್ಲರಿಗೂ ಖಡಕ್ಕಾಗಿ ಹೇಳಿದೆ. ಅದು ತಪ್ಪಾಯಿತು. ಕೆಲವರು ಹಸಿ ಮೆಣಸನ್ನು ಗೋಣಿಯ ಅಡಿಗೆ ಹಾಕಿ ತಂದರು. ಕೆಲವರು ಬೇರೆ ಅಂಗಡಿಗೆ ಹೋದರು. ಪರೀಕ್ಷೆಯನ್ನೇ ನಂಬಿ ಕೂರುವ ಹಾಗೂ ಇಲ್ಲ. ಈ ವಿಷ ಎಲ್ಲ ಕಾಳಿನಲ್ಲೂ ಸಮನಾಗಿ ಇರುವುದಿಲ್ಲ, ಒಂದು ಹಿಡಿ ತೆಗೆದು ನೋಡಿದರೆ ಸಿಗದೆಯೂ ಹೋಗಬಹುದು. ಇದನ್ನು ಅವರ ಅಂಗಳದಲ್ಲೇ ತಡೆಯಬೇಕು, ಅಲ್ವಾ?

ಹಾಗಾಗಿ ಮನೆ ಮನೆಗೆ ಹೋದೆ. ಕೊಯ್ಯಲು ಆಳು ಸಿಗದೆ ಕೆಲಸ ಏಪ್ರಿಲ್ ತನಕ ಎಳೆದಿತ್ತು. ಸಂಜೆ ಮಳೆ ಬೇರೆ. ‘ಮಾರಾಯಾ, ಮೋಡ ಕಟ್ಟಿದ ಮೇಲೆ ನಾನೊಬ್ಬಳೇ ಎಷ್ಟು ಬಾಚಲಿ?’ ಎಂದರು ಒಬ್ಬರು ಅಕ್ಕ. ಅವರದು ಸೆಗಣಿ ಸಾರಿಸಿದ ಅಂಗಳ. ಅದರ ಮೇಲೆ ಒಣಗಿಸಿದರೆ ರೋಗಾಣು ಸೇರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಕಷ್ಟ ಕಂಡ ಊರು ನಮ್ಮದು. ವಿಷ ಎಂದರೆ ಇಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೆಲೆ ಇಳಿಸುವ ನೆಪ ಇದಲ್ಲ ಎಂದು ಗೊತ್ತಾದ ಮೇಲೆ ಮಾತು ಸಲೀಸಾಯಿತು.

ಟಾರ್ಪಾಲಿನ ಅರ್ಧ ಹಣ ನಾನು ಹಾಕಿದೆ. ಒಣಗಿಸುವ ಮೊದಲು ಕಾಳನ್ನು ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆಯುವುದನ್ನು ತೋರಿಸಿದೆ. ಬೇಗ ಒಣಗುತ್ತದೆ, ಬಣ್ಣವೂ ಒಂದೇ ರೀತಿ ಕಪ್ಪಾಗುತ್ತದೆ. ಪ್ರತಿ ಗೋಣಿಗೆ ಮನೆಯ ನಂಬರ್ ಬರೆದೆ. ಚೆನ್ನಾಗಿ ಒಣಗಿದ್ದಕ್ಕೆ ಕಿಲೋಗೆ 10 ರೂಪಾಯಿ ಜಾಸ್ತಿ ಕೊಟ್ಟೆ. ‘ನೆನೆದರೆ ಅವತ್ತೇ ಹೇಳಿ, ನಮ್ಮ ಡ್ರೈಯರಿನಲ್ಲಿ ಒಣಗಿಸಿಕೊಡುತ್ತೇನೆ’ ಎಂದೆ.

‘ಅವರ ಕೆಲಸಕ್ಕೆ ನಿನ್ನ ದುಡ್ಡು ಯಾಕೆ?’ ಎಂದು ಸ್ನೇಹಿತರು ಕೇಳುತ್ತಾರೆ. ಆಹಾರ ಸುರಕ್ಷತಾ ಕಾನೂನು 2006ರಿಂದಲೇ ಇದೆ. ಆದರೂ ಅದರ ಭಯದಿಂದ ನಾನು ಒಂದು ಟಾರ್ಪಾಲೂ ಕೊಂಡಿರಲಿಲ್ಲ. ಲೋಡು ವಾಪಸ್ ಬಂದಾಗ ಲಾರಿ ಬಾಡಿಗೆ ನನ್ನ ತಲೆಗೆ ಬಂತು, ಕೊಳ್ಳುವವರು ಕೈಬಿಡುವ ಹಾಗಾಯಿತು. ಈ 30 ಮನೆ ಬಿಟ್ಟರೆ ನನಗೆ ಮೆಣಸು ಕೊಡುವವರೂ ಇಲ್ಲ.

ಮರುವರ್ಷ ಒಂದು ಸಂಜೆ ಅದೇ ಅಕ್ಕನ ಫೋನ್ ಬಂತು. ‘ಎರಡು ಗೋಣಿಯಷ್ಟು ನೆನೆದು ಹೋಯಿತು, ಬೇರೆಯೇ ಇಟ್ಟಿದ್ದೇನೆ’ ಎಂದರು. ಆ ರಾತ್ರಿಯೇ ಪಿಕಪ್ ಕಳಿಸಿದೆ.