ಪುಣೆಯಲ್ಲಿದ್ದು ಊರಿನ ಹಿಂಗಾರಿ ಜೋಳ ನೋಡಿಕೊಳ್ಳುವುದು ಹೇಗೆ?

ದುಡಿಮೆಗೆಂದು ಪುಣೆಗೆ ಬಂದು ನೆಲೆಸಿದ ವಿಜಯಪುರ, ಇಂಡಿ, ಸಿಂದಗಿ ಕಡೆಯ ಅನೇಕ ಕನ್ನಡ ಕುಟುಂಬಗಳ ಹೊಲ ಊರಿನಲ್ಲಿ ಪಾಲಿಗಿದೆ. ಬಿತ್ತುವವರು ಪಾಲುದಾರರಾದರೂ ಪಹಣಿ ಇಲ್ಲಿರುವವರ ಹೆಸರಿನಲ್ಲಿದೆ. ಆದ್ದರಿಂದ ಯಾವ ತಳಿ, ಯಾವ ದಾಖಲೆ ಎಂಬುದನ್ನು ಸೆಪ್ಟೆಂಬರ್‌ಗೆ ಮೊದಲೇ ಇಬ್ಬರೂ ಕೂಡಿ ನಿಶ್ಚಯಿಸಬೇಕು.

ಮೊದಲು ಮಣ್ಣಿನ ಆಳ ತಿಳಿಯಿರಿ. ಹಿಂಗಾರಿ ಜೋಳವು ಮಳೆಗಾಲದ ನಂತರ ನೆಲದಲ್ಲಿ ಉಳಿದ ಹಸಿಯನ್ನೇ ನೆಚ್ಚಿ ಬೆಳೆಯುವುದರಿಂದ, ತೆಳುವಾದ ಮಣ್ಣಿನಲ್ಲಿ ತೆನೆ ಕಾಳು ಕಟ್ಟುವ ಮೊದಲೇ ನೀರು ತೀರುತ್ತದೆ. ಹೊಲದಲ್ಲೊಂದು ಗುಂಡಿ ತೋಡಿಸಿ, ಮಣ್ಣಿನಡಿಯ ಗಟ್ಟಿ ಗರಸು ಎಷ್ಟು ಆಳಕ್ಕೆ ಸಿಗುತ್ತದೆಂದು ಟೇಪು ಹಿಡಿದ ಫೋಟೊ ತರಿಸಿಕೊಳ್ಳಿ. ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠವು ತಳಿಗಳನ್ನು ಶಿಫಾರಸು ಮಾಡುವುದು ಈ ಆಳದ ಮೇಲೆಯೇ: 30 ಸೆಂ.ಮೀ.ವರೆಗೆ ಫುಲೆ ಅನುರಾಧಾ, 60ರವರೆಗೆ ಫುಲೆ ಸುಚಿತ್ರಾ, ಅದಕ್ಕೂ ಆಳದ ಕಪ್ಪು ಎರೆ ಮಣ್ಣಿಗೆ ಫುಲೆ ವಸುಧಾ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದ ಎಂ 35-1, ಅಂದರೆ ಮಾಲದಂಡಿ, ರೊಟ್ಟಿಗೆ ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತೆಳು ಮಣ್ಣಿನ ಮಡ್ಡಿ ಹೊಲಕ್ಕೂ ಅದನ್ನೇ ಬಿತ್ತುವ ಹಟ ಬೇಡ. ನಿಮ್ಮ ಭಾಗಕ್ಕೆ ಹೊಂದುವ ಬೀಜವನ್ನು ವಿಜಯಪುರದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಬಿಜೆವಿ-44 ಅಲ್ಲಿಯದೇ ತಳಿ. ಮುಂಗಾರಿನಲ್ಲಿ ಚೌಕು ಮಡಿ, ಅಂದರೆ ಸಣ್ಣ ಬದುಗಳ ಚೌಕಗಳನ್ನು, ಹಾಕಿಸಿದ್ದರೆ ಮಳೆನೀರು ಅಲ್ಲಲ್ಲೇ ಇಂಗುತ್ತದೆ. ತೆನೆಯ ಕಾಳು ಕಪ್ಪು ಪುಡಿಯಾಗುವ ಕಾಡಿಗೆ ರೋಗ ತಡೆಯಲು ಕಿಲೋ ಬೀಜಕ್ಕೆ 4 ಗ್ರಾಂ ಗಂಧಕ ಸವರಿದರೆ ಸಾಕು.

ಬಳಿಕ ದಾಖಲೆ. ಪಹಣಿಯನ್ನು ಕರ್ನಾಟಕದ ಭೂದಾಖಲೆಗಳ ಭೂಮಿ ತಾಣದಲ್ಲಿ ನೋಡಿ, ಎಲ್ಲ ಸರ್ವೆ ನಂಬರುಗಳೂ ರಾಜ್ಯದ ರೈತ ನೋಂದಣಿಯಾದ ಫ್ರೂಟ್ಸ್‌ನ ನಿಮ್ಮ ಗುರುತಿನ ಸಂಖ್ಯೆಗೆ ಸೇರಿವೆಯೇ ಎಂದು ಪರಿಶೀಲಿಸಿ. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಹಿಂಗಾರಿನ ಆಹಾರ ಬೆಳೆಗೆ ರೈತರ ಕಂತು ವಿಮಾ ಮೊತ್ತದ ಶೇ 1.5ರಷ್ಟು ಮಾತ್ರ.

ತೊಡಕು ಬರುವುದು ಯಾವ ಹೊಲದಲ್ಲಿ ಯಾವ ಬೆಳೆಯಿದೆ ಎಂದು ಸರ್ಕಾರ ದಾಖಲಿಸುವ ಬೆಳೆ ಸಮೀಕ್ಷೆಯಲ್ಲಿ. ವಿಮೆ ಜೋಳಕ್ಕೆ ಮಾಡಿಸಿ, ಸಮೀಕ್ಷೆಯಲ್ಲಿ ಕಡಲೆ ಎಂದು ದಾಖಲಾದರೆ ಅರ್ಜಿ ತಿರಸ್ಕೃತವಾಗಬಹುದು. ಸಮೀಕ್ಷೆಯ ಆ್ಯಪ್‌ನಲ್ಲಿ ಫೋಟೊವನ್ನು ಹೊಲದಲ್ಲೇ ನಿಂತು ತೆಗೆಯಬೇಕಾದ್ದರಿಂದ ಆ ಕೆಲಸ ಪುಣೆಯಿಂದ ಆಗದು. ಪಾಲುದಾರರಿಗೋ ಗ್ರಾಮದ ಸಮೀಕ್ಷಕರಿಗೋ ಒಪ್ಪಿಸಿ. ದಾಖಲಾದ ಬೆಳೆಯನ್ನು ಬೆಳೆ ದರ್ಶಕ ಆ್ಯಪ್‌ನಲ್ಲಿ ನೀವೇ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು.

ಆಲಿಕಲ್ಲು ಬಿದ್ದು ಬೆಳೆ ಹಾಳಾದರೆ 72 ಗಂಟೆಯೊಳಗೆ ಬೆಳೆ ವಿಮೆಯ ಸಹಾಯವಾಣಿ 14447ಕ್ಕೆ ತಿಳಿಸಬೇಕು. ಮಾಲೀಕರ ಹೆಸರಿನಲ್ಲಿ ಅರ್ಜಿ ಹಾಕಿದರೆ ಪರಿಹಾರವೂ ಅವರ ಖಾತೆಗೇ ಜಮೆಯಾಗುತ್ತದೆ. ಬೀಜ, ಗೊಬ್ಬರಕ್ಕೆ ಕೈಯಿಂದ ಹಾಕಿದ ಪಾಲುದಾರರಿಗೆ ಅದರಲ್ಲಿ ಎಷ್ಟು ಸಲ್ಲಬೇಕೆಂಬುದನ್ನು ಬಿತ್ತನೆಗೆ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ.