ಆಟೋಕ್ರಾಸ್‌ಗೆ ಹೋಗುವಾಗ ಜೇಬಿನಲ್ಲಿ ಒಂದು ಸೀಮೆಸುಣ್ಣ ಇರಲಿ
ಹಳೇ ಸ್ವಿಫ್ಟ್, ಝೆನ್ ಕಾರು ಇಟ್ಟುಕೊಂಡು ಆಟೋಕ್ರಾಸ್‌ಗೆ (ಗುರುತು ಹಾಕಿದ ಅಂಕುಡೊಂಕು ದಾರಿಯಲ್ಲಿ ಗಡಿಯಾರದ ವಿರುದ್ಧ ಕಾರು ಓಡಿಸುವ ಸ್ಪರ್ಧೆ) ಬರುವವರು ಮೊದಲು ಕೇಳುವುದೇ ಕಾಯಿಲ್‌ಓವರ್, ಅಂದರೆ ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್ ಸೆಟ್‌ನ ಬೆಲೆ. ಸ್ವಲ್ಪ ತಡೆಯಿರಿ. ಕಾರನ್ನು ಮೇಲೆತ್ತಿಸಿ ಲೋವರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿಡುವ ಕೆಳಗಿನ ತೋಳಿನ ಕೀಲಿನಲ್ಲಿರುವ ರಬ್ಬರ್) ನೋಡಿ. ರಬ್ಬರ್ ಸೀಳಿದ್ದರೆ ಎಂಥ ಸಸ್ಪೆನ್ಷನ್ ಹಾಕಿದರೂ ಸುಮ್ನೆ ದಂಡ. ಬುಷ್ ಬದಲಾಯಿಸಿದ ಮೇಲೇ ಅಲೈನ್‌ಮೆಂಟ್ ಮಾಡಿಸಿ.

ಆಮೇಲೆ ಟೈರ್ ಗಾಳಿ. ಇದಕ್ಕೆ ಖರ್ಚೇ ಇಲ್ಲ. ನೆಲಕ್ಕೆ ತಾಗುವ ಭಾಗದ ಅಂಚಿನಿಂದ ಸೈಡ್‌ವಾಲ್‌ವರೆಗೆ (ಟೈರಿನ ಪಕ್ಕದ ಭಾಗ) ಮೂರು ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಟಾರಿನ ಟ್ರ್ಯಾಕ್‌ನಲ್ಲಿ ಒಂದು ರನ್ ಮುಗಿಸಿ ಬಂದು ನೋಡಿ. ಗೆರೆ ಸೈಡ್‌ವಾಲ್ ಮೇಲೂ ಅಳಿಸಿದ್ದರೆ ಗಾಳಿ ಕಡಿಮೆ, 2 ಪಿಎಸ್‌ಐ ಏರಿಸಿ. ಅಂಚಿನಲ್ಲೇ ಅಳಿಸದೆ ಉಳಿದಿದ್ದರೆ ಇಳಿಸಿ. ಟೈರ್ ಬಿಸಿಯಾದಂತೆ ಗಾಳಿ ತಾನಾಗಿ ಏರುತ್ತದೆ. ಹಾಗಾಗಿ ಪ್ರತಿ ರನ್ ಆದ ತಕ್ಷಣ ನಿಮ್ಮದೇ ಗೇಜ್‌ನಲ್ಲಿ ಅಳೆದು ಬರೆದಿಡಿ.

ಮುಂದಿನ ಚಕ್ರ ಎಳೆಯುವ ಕಾರಿನ ಮೂತಿ ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ ಅಲ್ವಾ? ಹಿಂದಿನ ಟೈರ್‌ಗೆ ಎರಡೆರಡೇ ಪಿಎಸ್‌ಐ ಜಾಸ್ತಿ ಮಾಡುತ್ತಾ ಹೋಗಿ, ಹಿಂಬದಿಯ ಹಿಡಿತ ಸ್ವಲ್ಪ ಸಡಿಲಾಗಿ ಕಾರು ಸಲೀಸಾಗಿ ತಿರುಗುತ್ತದೆ. ಟೈರ್ ಮೇಲೆ ಬರೆದಿರುವ ಗರಿಷ್ಠ ಮಿತಿ ಮಾತ್ರ ದಾಟಬೇಡಿ. ಮನೆಗೆ ಹೊರಡುವ ಮುಂಚೆ ಗಾಳಿಯನ್ನು ಮೊದಲಿನ ಲೆಕ್ಕಕ್ಕೇ ತನ್ನಿ. ಮಳೆ ರಸ್ತೆಯಲ್ಲಿ ಹಿಂಬದಿ ಜಾರಿದರೆ ಹಿಡಿಯುವುದು ಬಹಳ ಕಷ್ಟ.